ಧೂಮಪರೀಕ್ಷೆ

ಎಲ್ಲಿ ಹೊಗೆಯುಂಟೊ ಅಲ್ಲಿ ಬೆಂಕಿಯುಂಟು ಎಂಬುದು ತರ್ಕಶಾಸ್ತ್ರವನ್ನು ಓದತೊಡಗಿದ ಪ್ರತಿಯೊಬ್ಬ ಬಾಲಕನೂ ಮೊದಲು ಕಲಿಯುವ ಪಾಠ. ಅನ್ನಂಭಟ್ಟನ ತರ್ಕಸಂಗ್ರಹವನ್ನು ನಾನು ಗುರುಗಳ ಮುಂದೆ ಕುಳಿತು ಒಪ್ಪಿಸುತ್ತಿದ್ದಾಗ, ಈ ನಿಯಮಕ್ಕೆ ದೃಷ್ಟಾಂತವೇನೆಂದು ಅವರು ಕೇಳಿದರೆ "ಅಡುಗೆಯ ಮನೆ" ಎಂದು ಉತ್ತರ ಕೊಡಬೇಕಾಗಿತ್ತು. ಆ ಉತ್ತರವನ್ನು ನಾನು ಬಾಯಿಪಾಠ ಮಾಡಬೇಕಾಗಿರಲಿಲ್ಲ. ನಮ್ಮ ಮಲೆನಾಡಿನ ಮನೆಯಲ್ಲಿ, ಆಷಾಢದ ಮಳೆಗೆ ನೆನೆದ ಸೌದೆಯನ್ನು ಒಲೆಗೆ ಒಡ್ಡಿ, ಊದುಗೊಳವೆಯಿಂದ ಊದಿ ಊದಿ, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದ ನನ್ನ ತಾಯಿಯೇ ಅದಕ್ಕೆ ಸಾಕ್ಷಿಯಾಗಿದ್ದಳು. ಶಾಸ್ತ್ರಕಾರರು ಇನ್ನೂ ಒಂದು ಮಾತನ್ನು ಹೇಳುತ್ತಾರೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ತೀರಬೇಕು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯೊಡನೆ ಹಸಿಯ ಸೌದೆ ಕೂಡಿದಾಗ ಹೊಗೆ ಹುಟ್ಟುತ್ತದೆ. ಅರುವತ್ತರ ವಯಸ್ಸಿನಲ್ಲಿ ಈ ಹಳೆಯ ಪಾಠವು ನನಗೆ ಅಮೆರಿಕದ ಒಂದು ಅಂಗಡಿಯಲ್ಲಿ ಉಪಯೋಗಕ್ಕೆ ಬಂದಿತೆಂದರೆ ವಾಚಕರು ನಗಬಹುದು. ನಡೆದುದನ್ನು ನಡೆದಂತೆಯೇ ಹೇಳುತ್ತೇನೆ.

ನಾನು ಹೊಗೆಯನ್ನು ಶತ್ರುವೆಂದೇ ತಿಳಿದು ಬೆಳೆದವನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಉಪಯೋಗಕ್ಕೆಂದು 1974ರಲ್ಲಿ 'ಅಸ್ತ್ರ' ಎಂಬ ವಿಭಾಗವು ಪ್ರಾರಂಭವಾಯಿತಷ್ಟೆ. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆಯು 1980ರ ದಶಕದಲ್ಲಿ ನಮ್ಮ ಕಡೆಗೂ ಬಂದಾಗ, ನಾನು ಹಟ ಹಿಡಿದು ಮನೆಯಲ್ಲಿ ಒಂದನ್ನು ಕಟ್ಟಿಸಿದೆನು. ಸೌದೆಯ ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆಗಳು, ಕೊನೆಯಲ್ಲಿ ಹೊಗೆಯನ್ನು ಹೊರಕ್ಕೆ ಒಯ್ಯುವ ಕೊಳವೆ. ಕಟ್ಟಿದ ಮೇಸ್ತ್ರಿ ಹೋಗುವಾಗ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ಪಾತ್ರೆಯ ಸುತ್ತ ಸಂದಿ ಬಿಟ್ಟಿರೋ, ಒಲೆ ಕೆಟ್ಟಿತು. ಗಾಳಿ ನಾವು ಕರೆದ ಬಾಗಿಲಿನಿಂದಲೇ ಬರಬೇಕು, ಸ್ವಾಮಿ." ಅಡುಗೆಯ ಮನೆಯ ಹೊಗೆ ಹೋಯಿತು. ಆದರೆ ಅಷ್ಟು ಹೊತ್ತಿಗೆ ತಾಯಿಯ ಕೆಮ್ಮು ನೆಲೆಯೂರಿತ್ತು. ಅದು ಕೊನೆಯವರೆಗೂ ಆಕೆಯನ್ನು ಬಿಡಲಿಲ್ಲ.

ಇಂಥ ನಾನು ಕಳೆದ ಬೇಸಗೆಯಲ್ಲಿ ಪತ್ನೀಸಮೇತನಾಗಿ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿರುವ ಮಗನ ಮನೆಗೆ ಹೋದೆನು. ಹೋದ ವಾರದಲ್ಲಿಯೇ ಅವನು, "ಅಪ್ಪಯ್ಯ, ಹಿತ್ತಲಿಗೆ ಒಂದು ಸ್ಮೋಕರ್ ತರಬೇಕೆಂದಿದ್ದೇನೆ. ನೀವೂ ಬನ್ನಿ, ಆರಿಸೋಣ" ಎಂದನು. ಸ್ಮೋಕರ್ ಎಂದರೆ ಬೀಡಿ ಸೇದುವವನೆಂದೇ ತಿಳಿದಿದ್ದ ನನಗೆ, ಅಂಥವನನ್ನು ಹಿತ್ತಲಿಗೆ ತರುವುದೇಕೆಂದು ಅರ್ಥವಾಗಲಿಲ್ಲ. ಆಹಾರವನ್ನು ಉರಿಯ ಮೇಲೆ ಸುಡದೆ, ಮುಚ್ಚಿದ ಗೂಡಿನಲ್ಲಿಟ್ಟು, ಮರದ ಹೊಗೆಯಲ್ಲಿಯೂ ಮಂದವಾದ ಶಾಖದಲ್ಲಿಯೂ ಗಂಟೆಗಟ್ಟಲೆ ಬೇಯಿಸುವ ಒಲೆಗೆ ಆ ಹೆಸರೆಂದು ಅವನು ವಿವರಿಸಿದನು. ನಮ್ಮಲ್ಲಿ ವಿದ್ವಾಂಸರು ಹೊಗೆಯನ್ನು ಹೊರಗೆ ಕಳುಹಿಸಲು ಶ್ರಮಿಸಿದರೆ, ಇಲ್ಲಿ ಹೊಗೆಯನ್ನು ಒಳಗೆ ಕೂಡಿಹಾಕಲು ಹಣ ತೆರುತ್ತಾರಲ್ಲಾ ಎಂದು ನನಗೆ ಸೋಜಿಗವಾಯಿತು.

ಆ ಸೀಮೆಯಲ್ಲಿ ಇದು ಕೇವಲ ಅಡುಗೆಯಲ್ಲ, ಒಂದು ಬಗೆಯ ಕುಲಧರ್ಮ. ಬಾರ್ಬೆಕ್ಯೂ ಎಂಬ ಶಬ್ದವು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳದು. ಬೆಂಕಿಯ ಮೇಲೆ ಕಟ್ಟಿದ ಕೋಲುಗಳ ಅಟ್ಟಕ್ಕೆ ಅವರಿಟ್ಟ ಹೆಸರು, ಸ್ಪೇನಿನವರ ಬಾಯಿಂದ ಇಂಗ್ಲಿಷಿಗೆ ಬಂದಿತು. ಮಳೆಗಾಲದಲ್ಲಿ ನಮ್ಮ ಒಲೆಯ ಮೇಲೆ ತೂಗುತ್ತಿದ್ದ ಬಿದಿರಿನ ತಟ್ಟಿಯೂ, ಅದರ ಮೇಲೆ ಒಣಗುತ್ತಿದ್ದ ಮುರುಗಲು ಸಿಪ್ಪೆಯೂ ನನಗೆ ನೆನಪಾದುವು. ಟೆಕ್ಸಸ್ಸಿನ ನಡುಭಾಗದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿ ಮತ್ತು ಚೆಕ್ ಸೀಮೆಗಳಿಂದ ಬಂದು ನೆಲಸಿದ ಮಾಂಸದ ವ್ಯಾಪಾರಿಗಳು. ಆಸ್ಟಿನ್ನಿಗೆ ದಕ್ಷಿಣದಲ್ಲಿರುವ ಲಾಕ್‌ಹಾರ್ಟ್ ಎಂಬ ಸಣ್ಣ ಊರನ್ನು ಟೆಕ್ಸಸ್ಸಿನ ಬಾರ್ಬೆಕ್ಯೂ ರಾಜಧಾನಿಯೆಂದು ಆ ಸಂಸ್ಥಾನದ ಶಾಸನಸಭೆಯ ಕೆಳಮನೆಯು 1999ರಲ್ಲಿ ನಿರ್ಣಯವನ್ನೇ ಮಾಡಿತು.

"ನಮಗೆ ಇದರಿಂದ ಏನು ಪ್ರಯೋಜನ?" ಎಂದು ಕೇಳಿದೆನು. "ಜೋಳದ ತೆನೆ, ಬದನೆಕಾಯಿ, ಗೆಣಸು, ಎಲ್ಲವನ್ನೂ ಮಾಡಬಹುದು" ಎಂದು ಮಗನು ತುಸು ಅವಸರದಲ್ಲಿ ಹೇಳಿದನು.

ಅಂಗಡಿಯಲ್ಲಿ ನಾಲ್ಕು ಬಗೆಯ ಒಲೆಗಳಿದ್ದುವು. ಮೊದಲನೆಯದು ನೆಟ್ಟಗೆ ನಿಂತ ಕೊಳಗದಂಥದು: ತಳದಲ್ಲಿ ಇದ್ದಲು, ನಡುವೆ ನೀರಿನ ತಟ್ಟೆ, ಮೇಲೆ ಆಹಾರದ ಜಾಲರಿ. ನೀರು ಶಾಖದ ಏರಿಳಿತವನ್ನು ತಗ್ಗಿಸುತ್ತದೆ, ಬೆಲೆ ಮಿತ, ಸ್ಥಳವೂ ಕಡಮೆ, ಹೊಸಬರಿಗೆ ಅನುಕೂಲ. ಎರಡನೆಯದು ದಪ್ಪ ಪಿಂಗಾಣಿಯ, ಮೊಟ್ಟೆಯ ಆಕಾರದ ಒಲೆ. ಇದು ಜಪಾನಿನ ಕಾಮಾಡೊ ಎಂಬ ಒಲೆಯ ವಂಶದ್ದು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಸೈನಿಕರು ಅದನ್ನು ತಮ್ಮ ದೇಶಕ್ಕೆ ಒಯ್ದರು. ಒಮ್ಮೆ ಕಾಯಿತೆಂದರೆ ಒಂದು ಹಿಡಿ ಇದ್ದಲಿನಲ್ಲಿ ಬಹಳ ಹೊತ್ತು ನಡೆಯುತ್ತದೆ. ಆದರೆ ಭಾರ ಹೆಚ್ಚು, ಬಿದ್ದರೆ ಒಡೆಯುತ್ತದೆ. ಮೂರನೆಯದು 1980ರ ದಶಕದಲ್ಲಿ ಆರೆಗಾನ್ ಸಂಸ್ಥಾನದಲ್ಲಿ ಹುಟ್ಟಿದ್ದು. ಮರದ ಹುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ವಿದ್ಯುತ್ತಿನಿಂದ ತಿರುಗುವ ತಿರುಪೊಂದು ತಾನಾಗಿಯೇ ಬೆಂಕಿಗೆ ನೂಕುತ್ತದೆ. ಶಾಖ ಇಷ್ಟಿರಲಿ ಎಂದು ಗುಂಡಿಯೊತ್ತಿ ಮಲಗಿಬಿಡಬಹುದು. ವಿದ್ಯುತ್ತು ನಿಂತರೆ ಒಲೆಯೂ ನಿಂತಿತು. ನಾಲ್ಕನೆಯದು ಅಡ್ಡಲಾಗಿ ಮಲಗಿಸಿದ ಕಬ್ಬಿಣದ ಪೀಪಾಯಿ. ಅದರ ಪಕ್ಕದಲ್ಲಿ ತುಸು ತಗ್ಗಿಗೆ ಬೆಂಕಿಗೆ ಪ್ರತ್ಯೇಕವಾದ ಪೆಟ್ಟಿಗೆ. ಶಾಖವೂ ಹೊಗೆಯೂ ಅಲ್ಲಿಂದ ಹೊರಟು, ಆಹಾರದ ಮೇಲೆ ಹಾದು, ಆಚೆಯ ಕೊನೆಯ ಕೊಳವೆಯಿಂದ ಹೊರಬೀಳುತ್ತವೆ. ಇದಕ್ಕೆ ಮರದ ಸೌದೆಯೇ ಬೇಕು. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಒಂದು ಸೀಳನ್ನು ಹಾಕುತ್ತ ಪಕ್ಕದಲ್ಲಿಯೇ ಕುಳಿತಿರಬೇಕು.

ಅಂಗಡಿಯವನು ಸೌಜನ್ಯದಿಂದ, "ಒಂದು ಸಲಕ್ಕೆ ಎಷ್ಟು ಬ್ರಿಸ್ಕೆಟ್ ಇಡುವಿರಿ?" ಎಂದು ಮಗನನ್ನು ಕೇಳಿದನು. ಆ ಶಬ್ದವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆದರೆ ಮಗನ ಕಿವಿಗಳು ಕೆಂಪಾದುವು. ಅವನು ನನ್ನ ಕಡೆಗೆ ನೋಡದೆ ಯಾವುದೋ ಒಲೆಯ ಮುಚ್ಚಳವನ್ನು ಎತ್ತಿ ಇಳಿಸತೊಡಗಿದನು. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದಕ್ಕೆ ನಾನು ಕಲಿತ ತರ್ಕ ಸಾಕಾಯಿತು. ನನ್ನ ಎದೆಯಲ್ಲಿ ಏನೋ ಒಂದು ಕುಸಿದಂತಾಯಿತೆಂಬುದನ್ನು ಮುಚ್ಚಿಡಲಾರೆನು. ಅವನು ತಿನ್ನುತ್ತಾನೆಂಬುದಕ್ಕಿಂತಲೂ, ಇಷ್ಟು ವರ್ಷ ನನ್ನಿಂದ ಅದನ್ನು ಅಡಗಿಸಬೇಕಾಯಿತಲ್ಲಾ ಎಂಬುದೇ ಹೆಚ್ಚು ನೋಯಿಸಿತು. ನಲವತ್ತು ಮಕ್ಕಳ ತರಗತಿಯಲ್ಲಿ ಯಾವ ಹುಡುಗನು ಪಾಠ ಓದಿ ಬಂದಿಲ್ಲವೆಂದು ಮುಖ ನೋಡಿಯೇ ಹೇಳುತ್ತಿದ್ದ ನನಗೆ ಮನೆಯ ಹುಡುಗನ ಮುಖವನ್ನು ಓದಲು ಬಂದಿರಲಿಲ್ಲ.

ಕೂಡಲೆ ತಿರುಗಿ ಹೋಗೋಣವೆಂದು ಅನ್ನಿಸಿತು. ಆದರೆ ಅವನು ಕರೆದುದು ಒಲೆಯನ್ನು ಆರಿಸುವುದಕ್ಕೆ. ಅಷ್ಟನ್ನು ಸರಿಯಾಗಿ ಮಾಡೋಣವೆಂದು ಮನಸ್ಸನ್ನು ಹಿಡಿದುಕೊಂಡೆನು. "ಇದರ ಪಕ್ಕದಲ್ಲಿ ಕುಳಿತಿರುವವರು ಯಾರು?" ಎಂದು ನಾಲ್ಕನೆಯದನ್ನು ತೋರಿಸಿ ಕೇಳಿದೆನು. "ನಾನೇ, ಅಪ್ಪಯ್ಯ. ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತಿರುತ್ತೇನೆ. ಒಂದು ದಿನವಾದರೂ ಬೆಂಕಿಯ ಮುಂದೆ ಕುಳಿತುಕೊಳ್ಳಬೇಕೆಂದೇ ಇದು ಬೇಕಾಗಿರುವುದು" ಎಂದನು. ಆ ಮಾತು ನಿಜವೆಂದು ನನಗೆ ತೋರಿತು.

ಆ ಜಾತಿಯಲ್ಲಿ ಎರಡು ಒಲೆಗಳಿದ್ದುವು. ಒಂದು ಥಳಥಳಿಸುವ ಕಪ್ಪು ಬಣ್ಣದ್ದು, ಅಗ್ಗವಾದದ್ದು. ಬೆರಳಿನಿಂದ ತಟ್ಟಿದರೆ ಎಣ್ಣೆಯ ಡಬ್ಬದಂತೆ ಸದ್ದು ಮಾಡಿತು. ಇನ್ನೊಂದು ಕಾಲು ಅಂಗುಲ ದಪ್ಪದ ಉಕ್ಕಿನದು. ತಟ್ಟಿದರೆ ಸದ್ದೇ ಇಲ್ಲ. ತೆಳುವಾದ ತಗಡು ಬೇಗ ಕಾದು ಬೇಗ ಆರುತ್ತದೆ. ಒಂದು ಗಾಳಿ ಬೀಸಿದರೆ ಶಾಖವೆಲ್ಲ ಏರುಪೇರು. ದಪ್ಪ ಲೋಹವಾದರೋ ಕಾದ ಕಬ್ಬಿಣದ ಗುಂಡಿನಂತೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾನು ಮಗನ ಕೈಯ ದೂರವಾಣಿಯ ದೀಪವನ್ನು ಹೊತ್ತಿಸಿ ಒಳಗಿಟ್ಟು ಬಾಗಿಲು ಹಾಕಿದೆನು. ಅಗ್ಗದ ಒಲೆಯ ಅಂಚಿನ ಸುತ್ತ ಬೆಳಕಿನ ಗೆರೆ ಹೊಳೆಯಿತು. ದಪ್ಪನೆಯದರಲ್ಲಿ ಒಂದು ಮೂಲೆಯ ವಿನಾ ಕತ್ತಲೆ. "ಗಾಳಿ ನಾವು ಕರೆದ ಬಾಗಿಲಿನಿಂದಲೇ ಬರಬೇಕು" ಎಂದು ನಮ್ಮ ಮೇಸ್ತ್ರಿಯ ಮಾತನ್ನು ಹೇಳಿದಾಗ ಅಂಗಡಿಯವನು ನನಗೆ ಕೈಕುಲುಕಿದನು. ಬಾಗಿಲ ತಿರುಗುಣಿ, ಬೆಸುಗೆ, ಬೂದಿ ತೆಗೆಯುವ ಅನುಕೂಲ, ಗಾಳಿಯ ಕಿಂಡಿ ಬಿಗಿಯಾಗಿ ನಿಂತೀತೆ ಎಂಬುದು, ಇವನ್ನೆಲ್ಲ ನೋಡಿದೆವು. ಮುಚ್ಚಳದ ಮೇಲಿನ ಶಾಖಮಾಪಕವು ಮುಚ್ಚಳದ ಹತ್ತಿರದ ಶಾಖವನ್ನು ಹೇಳುತ್ತದೆಯೇ ಹೊರತು ಆಹಾರವಿರುವ ಜಾಲರಿಯದನ್ನಲ್ಲ. ಆದುದರಿಂದ ಜಾಲರಿಯ ಮೇಲಿಡತಕ್ಕ ಬೇರೊಂದನ್ನು ಕೊಂಡೆವು. ಅಲ್ಲಿಯೇ ಮಾರುತ್ತಿದ್ದ ಮರದ ಚೂರುಗಳ ಚೀಲದ ಮೇಲೆ ನೀರಿನಲ್ಲಿ ನೆನೆಸಿ ಹಾಕಿರೆಂದು ಬರೆದಿತ್ತು. ಅದನ್ನು ನಾನು ಬೇಡವೆಂದೆನು. ಹಸಿಯ ಸೌದೆಯ ಹೊಗೆ ಏನು ಮಾಡುತ್ತದೆಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ದಟ್ಟವಾದ ಬಿಳಿಯ ಹೊಗೆ ಆಹಾರವನ್ನು ಕಹಿಮಾಡುತ್ತದೆ. ಚೆನ್ನಾಗಿ ಒಣಗಿದ ಓಕ್ ಮರದ ಸೀಳು, ಧಾರಾಳವಾದ ಗಾಳಿ, ಕಣ್ಣಿಗೆ ಕಂಡೂ ಕಾಣದಂಥ ನೀಲಿಯ ಹೊಗೆ, ಇದೇ ಸರಿಯೆಂದು ಅಂಗಡಿಯವನೂ ಒಪ್ಪಿದನು.

ಅಂದಿನ ರಾತ್ರಿ ಪತ್ನಿಗೆ ವಿಷಯವನ್ನು ಹೇಳಿದೆನು. "ನನಗೆ ಆರು ವರ್ಷದಿಂದ ಗೊತ್ತು" ಎಂದು ಆಕೆ ಬಟ್ಟೆ ಮಡಿಸುತ್ತಲೇ ಹೇಳಿದಳು. "ನಿಮಗೆ ಹೇಳುವುದಕ್ಕೆ ಅವನಿಗೆ ಹೆದರಿಕೆ." ಆಮೇಲೆ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಹೊಸ ಒಲೆಯ ಒಳಮೈಗೆ ಎಣ್ಣೆ ಸವರಿ, ಕೆಲವು ಗಂಟೆ ಬರಿದೆ ಉರಿಸಿ, ಕಾರ್ಖಾನೆಯ ಜಿಡ್ಡನ್ನು ಕಳೆದೆವು. ಮೊದಲ ದಿನ ನಮಗಾಗಿ ಬದನೆಕಾಯಿ, ಜೋಳದ ತೆನೆ. ಆ ಬದನೆಕಾಯಿಯ ಗೊಜ್ಜು ನನ್ನ ತಾಯಿ ಕೆಂಡದಲ್ಲಿ ಸುಟ್ಟು ಮಾಡುತ್ತಿದ್ದ ಗೊಜ್ಜಿಗೆ ಸಮೀಪವಾಗಿತ್ತು. ಊಟದ ಮಧ್ಯೆ ಮಗನು ತಲೆ ತಗ್ಗಿಸಿ, "ಅಪ್ಪಯ್ಯ, ಶನಿವಾರ ಸ್ನೇಹಿತರನ್ನು ಕರೆದಿದ್ದೇನೆ. ಅವರಿಗೆ..." ಎಂದು ನಿಲ್ಲಿಸಿದನು. "ಗೊತ್ತು. ಜಾಲರಿ ಬೇರೆಯದನ್ನು ಇಟ್ಟುಕೊ" ಎಂದೆನು. ಅದಕ್ಕಿಂತ ಹೆಚ್ಚಿನ ಮಾತು ನಮ್ಮಿಬ್ಬರಿಗೂ ಬರಲಿಲ್ಲ.

ದೊಡ್ಡ ತುಂಡು ಮಾಂಸವು ಫ್ಯಾರನ್‌ಹೀಟ್ ಮಾನದ 225ರಿಂದ 275 ಡಿಗ್ರಿ, ಎಂದರೆ ನಮ್ಮ ಲೆಕ್ಕದ ಸುಮಾರು 107ರಿಂದ 135 ಡಿಗ್ರಿ ಶಾಖದಲ್ಲಿ, ಹನ್ನೆರಡು ಗಂಟೆಗೂ ಮೀರಿ ಬೇಯಬೇಕಂತೆ. ಆಗಲೇ ಅದರೊಳಗಿನ ಗಟ್ಟಿಯಾದ ನಾರು ಕರಗಿ ಮೃದುವಾಗುವುದು. ಆದುದರಿಂದ ಅವನು ಶುಕ್ರವಾರ ರಾತ್ರಿಯೇ ಬೆಂಕಿ ಹೂಡಿದನು. ಅಭ್ಯಾಸದಂತೆ ನಾನು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಿತ್ತಲಿಗೆ ಬಂದಾಗ, ಅವನು ಕುರ್ಚಿಯಲ್ಲಿಯೇ ನಿದ್ರೆ ಹೋಗಿದ್ದನು. ಶಾಖಮಾಪಕದ ಮುಳ್ಳು ಇಳಿಯುತ್ತಿತ್ತು. ನಾನು ಸ್ವಲ್ಪ ಹೊತ್ತು ನಿಂತೆನು. ಆಹಾರದ ಗೂಡಿನ ಬಾಗಿಲು ಒಂದು ಕಡೆ. ಬೆಂಕಿಯ ಪೆಟ್ಟಿಗೆಯ ಬಾಗಿಲು ಇನ್ನೊಂದು ಕಡೆ. ನಾನು ಬೆಂಕಿಯ ಬಾಗಿಲನ್ನು ತೆರೆದು, ಕೆಂಡವನ್ನು ಕೆದಕಿ, ಒಣಗಿದ ಸೀಳೊಂದನ್ನು ಇಟ್ಟು, ಗಾಳಿಯ ಕಿಂಡಿಯನ್ನು ಎರಡು ಬೆರಳಿನಷ್ಟು ತೆರೆದೆನು. ಮೊದಲು ಬಿಳಿಯ ಹೊಗೆ ಬಂದಿತು. ಸೀಳು ಹೊತ್ತಿಕೊಂಡ ಮೇಲೆ ನೀಲಿಗೆ ತಿರುಗಿತು. ಹೀಗೆ ಬೆಳಗಾಗುವವರೆಗೆ ಮೂರು ಸಲ ಮಾಡಿದೆನು.

ಅವನು ಎಚ್ಚತ್ತು ಗಾಬರಿಯಿಂದ ಎದ್ದು, ನನ್ನನ್ನೂ, ನನ್ನ ಕೈಗೆ ಹತ್ತಿದ ಮಸಿಯನ್ನೂ ನೋಡಿದನು. "ಅಪ್ಪಯ್ಯ, ನೀವು..."

"ಬೆಂಕಿ ಆರುತ್ತಿತ್ತು" ಎಂದೆನು.

ಒಲೆಯನ್ನು ಆರಿಸುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ಹೊಳಪನ್ನು ನೋಡಬೇಡಿ, ತಟ್ಟಿ ನೋಡಿ; ಒಳಗೆ ದೀಪವಿಟ್ಟು ಬಾಗಿಲನ್ನು ಪರೀಕ್ಷಿಸಿ; ಒಣಸೌದೆಯನ್ನೇ ಉರಿಸಿ; ಮನೆಯೊಳಗೆ ಎಂದಿಗೂ ಹೊತ್ತಿಸಬೇಡಿ, ಏಕೆಂದರೆ ಕಾಣದ ವಿಷವಾಯು ಕಾಣುವ ಹೊಗೆಗಿಂತ ಕೆಟ್ಟದ್ದು. ಎಲ್ಲಕ್ಕಿಂತ ಮೊದಲು, ಅದರ ಪಕ್ಕದಲ್ಲಿ ಕುಳಿತಿರುವವರು ಯಾರೆಂದು ಕೇಳಿಕೊಳ್ಳಿ.

ಮಧ್ಯಾಹ್ನ ಸ್ನೇಹಿತರು ಬಂದರು. ನಾನು ಒಳಗೆ ಮೊಸರನ್ನವನ್ನು ಉಂಡು ಕೈತೊಳೆದು, ಹೊರಗೆ ಬಂದು ಅವರ ನಡುವೆ ಕುಳಿತೆನು. ಬೆಂಕಿಯನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರು ಯಾರೆಂದು ಒಬ್ಬರು ಕೇಳಿದಾಗ, ಮಗನು ನನ್ನ ಕಡೆಗೆ ಕೈತೋರಿಸಿ, "ನಮ್ಮ ತಂದೆಯವರು" ಎಂದನು.