ತಪ್ಪು ಕಂಡ ಕಣ್ಣಿಗೆ ಶಿಕ್ಷೆಯೇ?

ಪಂದ್ಯದಲ್ಲಿ ತಪ್ಪು ತೀರ್ಪು ಕೊಟ್ಟ ಫುಟ್‌ಬಾಲ್ ರೆಫರಿಗೆ ಶಿಕ್ಷೆಯಾಗಬೇಕೆಂಬ ಕೂಗು ಹೊಸದಲ್ಲ. ಹಣ ತಿಂದು ಸೀಟಿ ಊದಿದವನ ಮಾತು ಬೇರೆ. ಅಂಥವನಿಗೆ ಜೈಲೇ ಸರಿ. ಆದರೆ ಪ್ರಾಮಾಣಿಕವಾಗಿ ನೋಡಿಯೂ ತಪ್ಪಿದವನನ್ನು ಏನು ಮಾಡುವುದು?

ಆಫ್‌ಸೈಡ್ ಗುರುತಿಸುವ ಲೈನ್ಸ್‌ಮನ್, ಗೋಲ್‌ಕೀಪರನನ್ನು ಬಿಟ್ಟರೆ ಕೊನೆಯವನಾದ ರಕ್ಷಣಾ ಆಟಗಾರನ ನೇರಕ್ಕೇ ನಿಂತಿರಬೇಕು. ಎರಡು ಹೆಜ್ಜೆ ಹಿಂದುಮುಂದಾದರೂ ಆಟಗಾರರ ಸ್ಥಾನ ಬದಲಾದಂತೆ ಕಾಣುತ್ತದೆ. ಅಳತೆಪಟ್ಟಿಯನ್ನು ಓರೆಯಾಗಿ ನೋಡಿದರೆ ಗೆರೆ ಜರುಗಿದಂತೆ ಕಾಣುವುದನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಸಾಲದ್ದಕ್ಕೆ, ಅದೇ ಕ್ಷಣದಲ್ಲಿ ದೂರದಲ್ಲಿ ಚೆಂಡು ಒದೆಯುವವನ ಕಾಲನ್ನೂ ಆತ ನೋಡಬೇಕು! ದಂಡ ಹಾಕಿದರೆ ಮೂರನೆಯ ಕಣ್ಣು ಮೂಡೀತೇ?

2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಒದೆದ ಚೆಂಡು ಜರ್ಮನಿಯ ಗೋಲಿನ ಅಡ್ಡಪಟ್ಟಿಗೆ ಬಡಿದು, ಗೆರೆಯ ಒಳಗೆ ಬಿದ್ದು, ಹೊರಕ್ಕೆ ಪುಟಿಯಿತು. ಟಿ.ವಿ. ನೋಡುತ್ತಿದ್ದವರಿಗೆಲ್ಲ ಕಂಡ ಗೋಲು ರೆಫರಿ ಲಾರಿಯೋಂಡಾ ಅವರಿಗೆ ಕಾಣಲಿಲ್ಲ. ಆ ಕೂಟದಲ್ಲಿ ಅವರಿಗೆ ಮತ್ತೆ ಪಂದ್ಯ ಸಿಗಲಿಲ್ಲ. ಇಂಗ್ಲೆಂಡಿಗೆ ಇದರಿಂದ ಬಂದ ಲಾಭವೇನು? ಕೆಲಸಕ್ಕೆ ಬಂದದ್ದು 2012ರಲ್ಲಿ ಒಪ್ಪಿಗೆ ಪಡೆದ ಗೋಲ್‌ಲೈನ್ ತಂತ್ರಜ್ಞಾನ. ಚೆಂಡು ಗೆರೆ ದಾಟಿದರೆ ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರಕ್ಕೇ ಸೂಚನೆ ಬರುತ್ತದೆ. 2014ರ ವಿಶ್ವಕಪ್ಪಿಗೆ ಅದು ಬಂದೇಬಿಟ್ಟಿತು.

ಎಲ್ಲವನ್ನೂ ಕಣ್ಣಿನ ಮೇಲೆ ಹಾಕುವಂತಿಲ್ಲ, ನಿಜ. 2006ರ ವಿಶ್ವಕಪ್‌ನಲ್ಲಿ ಗ್ರಹಾಂ ಪೋಲ್ ಕ್ರೊಯೇಷಿಯಾದ ಒಬ್ಬನೇ ಆಟಗಾರನಿಗೆ ಮೂರು ಹಳದಿ ಕಾರ್ಡ್ ತೋರಿಸಿದರು. ಎರಡನೆಯದನ್ನು ಆಸ್ಟ್ರೇಲಿಯಾ ತಂಡದ ಅದೇ 3ನೇ ಸಂಖ್ಯೆಯವನ ಲೆಕ್ಕಕ್ಕೆ ಬರೆದುಕೊಂಡಿದ್ದರು. ಒಬ್ಬ ವಿದ್ಯಾರ್ಥಿಯ ಅಂಕವನ್ನು ಇನ್ನೊಬ್ಬನ ನೋಂದಣಿ ಸಂಖ್ಯೆಗೆ ಬರೆದ ಹಾಗೆ. ಇದು ಶುದ್ಧ ಅಜಾಗರೂಕತೆ. ಮುಂದಿನ ಪಂದ್ಯಗಳಿಗೆ ಅವರನ್ನು ಆರಿಸದೇ ಹೋದದ್ದು ನ್ಯಾಯವೇ.