ತವರಿಗೆ ಬಂದ ಮಗಳು ಮತ್ತು ಅಪ್ಪನ ಪಿಂಚಣಿ

"ಮದುವೆ ಮಾಡಿ ಕಳಿಸಿದ ಮೇಲೆ ಮಗಳಿಗೆ ಅಪ್ಪನ ಪಿಂಚಣಿಯಲ್ಲಿ ಎಂಥ ಹಕ್ಕು?" ಅಂತ ಕೇಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ಹಕ್ಕು ಇದೆ. ಆದರೆ ಅದರಲ್ಲೊಂದು ಗಂಟು ಇದೆ. ಅದನ್ನು ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರು. ಅವರ ಮಗಳು, ನನಗೆ ಅಕ್ಕ, 1998ರಲ್ಲಿ ಗಂಡನ ಮನೆ ಬಿಟ್ಟು ಬಂದವಳು ತಿರುಗಿ ಹೋಗಲಿಲ್ಲ. ಭಾವನೂ ಕರೆಯೋಕೆ ಬರಲಿಲ್ಲ. ವಿಚ್ಛೇದನದ ಮಾತು ಬಂದಾಗಲೆಲ್ಲ ದೊಡ್ಡಮ್ಮ, "ಕೋರ್ಟು ಕಚೇರಿ ಅಂತ ಅಲೆದ್ರೆ ನಾಲ್ಕು ಜನ ಏನಂತಾರೆ? ಹೇಗೂ ನಮ್ಮನೇಲೇ ಇದ್ದಾಳಲ್ಲ" ಅನ್ನೋರು. 2011ರಲ್ಲಿ ದೊಡ್ಡಪ್ಪ ಹೋದರು. ದೊಡ್ಡಮ್ಮನಿಗೆ ಬರುತ್ತಿದ್ದ ಕುಟುಂಬ ಪಿಂಚಣಿಯಲ್ಲೇ ಇಬ್ಬರ ಜೀವನ ನಡೆಯಿತು. 2019ರಲ್ಲಿ ದೊಡ್ಡಮ್ಮನೂ ಹೋದರು, ಪಿಂಚಣಿ ನಿಂತಿತು. ಅಕ್ಕನಿಗೆ ಆಗ 47 ವರ್ಷ.

ನಿಯಮ ಅಷ್ಟೇನೂ ಕಠೋರವಲ್ಲ. ವಿಧವೆ ಅಥವಾ ವಿಚ್ಛೇದಿತ ಮಗಳಿಗೆ 25 ವರ್ಷ ದಾಟಿದರೂ ಕುಟುಂಬ ಪಿಂಚಣಿ ಕೊಡಬಹುದು ಅಂತ ಕೇಂದ್ರ ಸರ್ಕಾರ 2004ರಲ್ಲೇ ಆದೇಶ ಹೊರಡಿಸಿತು. 2007ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಅದೇ ಸೌಲಭ್ಯ ಬಂತು. ಸಾಮಾನ್ಯವಾಗಿ ಕೊನೆಯ ಮೂಲವೇತನದ ಶೇಕಡಾ 30 ಸಿಗುತ್ತದೆ. 7ನೇ ವೇತನ ಆಯೋಗದ ಲೆಕ್ಕದಲ್ಲಿ ಕನಿಷ್ಠ 9,000 ರೂಪಾಯಿ, ಮೇಲೆ ತುಟ್ಟಿ ಪರಿಹಾರ. ಮಗಳ ಸ್ವಂತ ಆದಾಯ ಈ ಕನಿಷ್ಠ ಮೊತ್ತವನ್ನು ಮೀರಿರಬಾರದು. ಅಪ್ಪ ಅಮ್ಮನ ನಂತರ 25ರ ಒಳಗಿನ ಮಕ್ಕಳು, ಅಂಗವೈಕಲ್ಯವಿರುವ ಮಕ್ಕಳು ಇದ್ದರೆ ಮೊದಲು ಅವರ ಸರದಿ, ಆಮೇಲೆ ಇವಳದು.

ಗಂಟು ಇರುವುದು ಇಲ್ಲಿ. ಅಪ್ಪ ಅಥವಾ ಅಮ್ಮ ಬದುಕಿರುವಾಗಲೇ ಅವಳು ವಿಧವೆಯೋ ವಿಚ್ಛೇದಿತೆಯೋ ಆಗಿ ಅವರನ್ನೇ ಅವಲಂಬಿಸಿರಬೇಕು. 2017ರಲ್ಲಿ ಇದನ್ನು ಸ್ವಲ್ಪ ಸಡಿಲಿಸಿದರು. ತಂದೆ ತಾಯಿಯಲ್ಲಿ ಒಬ್ಬರಾದರೂ ಇರುವಾಗ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದರೆ ಸಾಕು, ತೀರ್ಪು ಅವರು ಹೋದ ಮೇಲೆ ಬಂದರೂ ನಡೆಯುತ್ತದೆ. ತೀರ್ಪಿನ ದಿನದಿಂದ ಪಿಂಚಣಿ ಶುರು.

ಅಕ್ಕ ಅರ್ಜಿಯನ್ನೇ ಹಾಕಿರಲಿಲ್ಲ. 21 ವರ್ಷ ತವರಿನಲ್ಲಿದ್ದಳು ಅಂತ ಇಡೀ ಬೀದಿ ಸಾಕ್ಷಿ ಹೇಳುತ್ತದೆ. ಆದರೆ ಕಾಗದದ ಮೇಲೆ ಅವಳು ಇವತ್ತಿಗೂ ಗಂಡನುಳ್ಳ ಹೆಂಗಸು! ಈಗ ವಿಚ್ಛೇದನ ಪಡೆದರೂ ಪಿಂಚಣಿ ಬರುವುದಿಲ್ಲ. ಸೀರೆಗೆ ಫಾಲ್ ಹಾಕಿಕೊಟ್ಟು ದಿನ ದೂಡುತ್ತಿದ್ದಾಳೆ.

"ಅಪ್ಪ ಒಂದು ವಿಲ್ ಬರೆದಿಟ್ಟಿದ್ದರೆ ಆಗುತ್ತಿತ್ತು" ಅಂದರು ನೆಂಟರೊಬ್ಬರು. ಅದೂ ಆಗುತ್ತಿರಲಿಲ್ಲ. ಕುಟುಂಬ ಪಿಂಚಣಿ ಸತ್ತವರ ಆಸ್ತಿಯಲ್ಲ, ವಿಲ್ ಮೂಲಕ ಯಾರಿಗೂ ಕೊಡಲಾಗದು ಅಂತ ಸುಪ್ರೀಂ ಕೋರ್ಟು 1991ರಲ್ಲೇ ವಯಲೆಟ್ ಐಸಾಕ್ ಪ್ರಕರಣದಲ್ಲಿ ಹೇಳಿದೆ. ಇದರ ಇನ್ನೊಂದು ಮುಖವೂ ಉಂಟು. ನಿಯಮದ ಪ್ರಕಾರ ಮಗಳಿಗೆ ಬರಬೇಕಾದ ಪಿಂಚಣಿಯಲ್ಲಿ "ನನಗೂ ಪಾಲು ಕೊಡು" ಅಂತ ಅಣ್ಣ ತಮ್ಮಂದಿರು ಕೇಳುವಂತಿಲ್ಲ.

ನಿಮ್ಮ ಮನೆಯಲ್ಲಿ ಕೇಂದ್ರದ ಹಳೆಯ ಪಿಂಚಣಿ ಪಡೆಯುವ ಹಿರಿಯರಿದ್ದು, ತವರಿಗೆ ಬಂದ ಮಗಳಿದ್ದರೆ ದಯವಿಟ್ಟು ಎರಡು ಕೆಲಸ ಮಾಡಿ. (ರಾಜ್ಯ ಸರ್ಕಾರದ ನಿಯಮಗಳು ಬೇರೆ, ಅವನ್ನು ಬೇರೆಯಾಗಿಯೇ ವಿಚಾರಿಸಿ.) ಮೊದಲನೆಯದು, ಕುಟುಂಬದ ವಿವರದಲ್ಲಿ ಅವಳ ಹೆಸರಿದೆಯಾ ನೋಡಿ. ಮಗಳ ಹೆಸರು ಆ ಪಟ್ಟಿಯಲ್ಲಿ ಉಳಿಯಬೇಕು, ತೆಗೆಯುವಂತಿಲ್ಲ ಅಂತ 2024ರ ಅಕ್ಟೋಬರಿನಲ್ಲಿ ಕೇಂದ್ರ ಸ್ಪಷ್ಟಪಡಿಸಿದೆ. ಎರಡನೆಯದು, ಗಂಡ ಹೆಂಡತಿ ಮತ್ತೆ ಕೂಡುವ ಮಾತೇ ಇಲ್ಲವೆಂದಾದರೆ, ಹಿರಿಯರು ಕಣ್ಣೆದುರು ಇರುವಾಗಲೇ ವಕೀಲರನ್ನು ಕಾಣಿ.

ನಾಲ್ಕು ಜನ ಏನಾದರೂ ಅಂದುಕೊಳ್ಳಲಿ ಬಿಡಿ. ಅವರಲ್ಲಿ ಯಾರೂ ತಿಂಗಳಿಗೆ ಒಂಬತ್ತು ಸಾವಿರ ತಂದುಕೊಡುವುದಿಲ್ಲ.