ಅಳಿಸಿಹೋದ ಒಂದು ತಿಂಗಳು

“ಮಾವ, ಹಿಸ್ಟೋರಿಯನ್ ವಿಷಯದಲ್ಲಿ ದೊಡ್ಡ ಅನಾಹುತವಾಗಿದೆ” ಎಂದು ನನ್ನ ಸೋದರಳಿಯ ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ನಮ್ಮ ಕಾಲೇಜಿನ ಚರಿತ್ರೆಯ ಅಧ್ಯಾಪಕರು. ಅವರಿಗೆ ಸಕ್ಕರೆ ಕಾಯಿಲೆ. ಪಾಪ, ಏನಾಯಿತೋ ಎಂದು ಎದ್ದು ಕುಳಿತೆ. ಅದು 2022ರ ಮೇ 5ನೆಯ ತಾರೀಖು.

ಅಳಿಯ ಕಲಬುರಗಿ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಇಂಜಿನಿಯರು. ಅವನ ಹಿಸ್ಟೋರಿಯನ್‌ಗೆ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಅದು ಕಾರ್ಖಾನೆಯ ಪ್ರತಿಯೊಂದು ಮಾಪಕವೂ ಕ್ಷಣಕ್ಷಣಕ್ಕೆ ಹೇಳುವುದನ್ನು ಬರೆದಿಟ್ಟುಕೊಳ್ಳುವ ಕಂಪ್ಯೂಟರ್ ದಫ್ತರ. ಕಲ್ಲು ಮಣ್ಣುಗಳ ಪುಡಿ 1450 ಡಿಗ್ರಿಯ ಸುಮಾರಿನಲ್ಲಿ ಬೇಯುವ ಆ ಉದ್ದನೆಯ ಕಿಲ್ನಿನ ಕಾವನ್ನು ಹೇಳಲು ಹನ್ನೆರಡು ಮಾಪಕಗಳಿದ್ದವು. ಮೇ 3ರಂದು ಅವುಗಳ ತಂತಿಗಳು ಬಂದು ಸೇರುವ ಕಾರ್ಡೊಂದು ಕೆಟ್ಟು, ಒಂದು ದಿನವಿಡೀ ದಫ್ತರದಲ್ಲಿ ಅಸಂಬದ್ಧ ಅಂಕಿಗಳು ಬಿದ್ದವು. ಅವನ್ನು ತೆಗೆದುಹಾಕಲು ಹುಡುಗ 03/05ರಿಂದ 04/05ರವರೆಗೆ ಎಂದು ಬರೆದು ಗುಂಡಿ ಒತ್ತಿದ. ಆ ಯಂತ್ರವೋ ಅಮೆರಿಕದ ಪದ್ಧತಿಯದು. ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 5ರಿಂದ ಏಪ್ರಿಲ್ 5ರವರೆಗೆ ಒಂದು ತಿಂಗಳು ಪೂರ್ತಿ ಅಳಿಸಿಹೋಯಿತು. ಅಳಿಸಿದ್ದನ್ನು ಮರಳಿಸುವ ಗುಂಡಿ ಅದರಲ್ಲಿಲ್ಲ.

“ರಾಜೀನಾಮೆ ಪತ್ರ ಒಂದು ಬರೆದುಕೊಡಿ ಮಾವ, ನಿಮ್ಮ ಭಾಷೆ ಚೆನ್ನಾಗಿರುತ್ತೆ” ಎಂದ. ಕಿಲ್ನಿನ ಒಳಗಿನ ಬೆಂಕಿ ಇಟ್ಟಿಗೆ ಅವಧಿಗೆ ಮುಂಚೆಯೇ ಉದುರಿತ್ತಂತೆ. ಇಟ್ಟಿಗೆಯವರು ನೀವು ಅತಿಯಾಗಿ ಕಾಯಿಸಿದಿರಿ ಎನ್ನುತ್ತಿದ್ದರು, ಕಾರ್ಖಾನೆಯವರು ಇಲ್ಲ ಎನ್ನುತ್ತಿದ್ದರು. ಸಾಕ್ಷಿ ಎಂದರೆ ಆ ಮಾರ್ಚ್ ತಿಂಗಳ ಅಂಕಿಗಳೇ. ಅವನ ಹೆದರಿಕೆ ನನಗೆ ಅರ್ಥವಾಯಿತು. ಹಿರಿಯನೆಂಬ ಗತ್ತಿನಲ್ಲಿ ಹೇಳಿದೆ: “ಆತುರ ಪಡಬೇಡ ಕಣೋ. ಎರಡು ದಿನ ಸುಮ್ಮನಿರು. ನಿಧಾನವಾಗಿ ಯೋಚಿಸಿ ಬರೆಯೋಣ.”

ಅವನು ಸುಮ್ಮನಿದ್ದ. 7ರಂದು ಬೆಳಿಗ್ಗೆ ತಡೆಯಲಾರದೆ ಹೋಗಿ ಮೇಲಧಿಕಾರಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಅವರು ಗದರಲಿಲ್ಲವಂತೆ, ತಾರೀಖು ಕೇಳಿ, “ಅಯ್ಯೋ, ಅವತ್ತೇ ಹೇಳಬಾರದಿತ್ತೇನಯ್ಯಾ” ಎಂದರಂತೆ.

ಹಾಗೇಕೆ ಅಂದರು ಎಂಬುದು ನನಗೆ ಆಮೇಲೆ ತಿಳಿಯಿತು. ಪ್ರತಿ ರಾತ್ರಿ ದಫ್ತರದ ನಕಲು ತೆಗೆಯುವ ಏರ್ಪಾಡಿತ್ತು. ಆದರೆ ನಕಲಿನ ಡಿಸ್ಕ್ ತುಂಬಿ, ಮಾರ್ಚ್ 27ರ ಮೇಲೆ ಅದು ನಿಂತಿತ್ತು. ಯಾರೂ ನೋಡಿರಲಿಲ್ಲ. (ನೋಡದಿರುವುದಕ್ಕೆ ಸಿಮೆಂಟ್ ಕಾರ್ಖಾನೆಯೇ ಆಗಬೇಕೆಂದಿಲ್ಲ, ನಮ್ಮ ಕಾಲೇಜು ಗ್ರಂಥಾಲಯದ ಗೆದ್ದಲನ್ನು ನಾವು ಮೂರು ವರ್ಷ ನೋಡಿರಲಿಲ್ಲ.) ಕಿಲ್ನನ್ನು ನಡೆಸುವ ಯಂತ್ರಕ್ಕೂ ತನ್ನದೇ ಒಂದು ಚಿಕ್ಕ ನೆನಪುಂಟು, ಮೂವತ್ತೈದು ದಿನಗಳದು. ದಿನ ಕಳೆದಂತೆ ಹಿಂದಿನ ತುದಿಯಿಂದ ಒಂದು ದಿನ ಉದುರುತ್ತದೆ. ಮೇ 5ರಂದು ಕೇಳಿದ್ದರೆ ಅದು ಮಾರ್ಚ್ 31ರಿಂದ ಹೇಳುತ್ತಿತ್ತು. 7ರಂದು ಕೇಳಿದ್ದಕ್ಕೆ ಏಪ್ರಿಲ್ 2ರಿಂದ ಹೇಳಿತು. ನಡುವಿನ ಎರಡು ದಿನ ನನ್ನ ಲೆಕ್ಕಕ್ಕೆ.

ಹಳೆಯ ನಕಲನ್ನು ತಂದು ಹಾಲಿ ದಫ್ತರದ ಮೇಲೆ ಹೊದಿಸಿಬಿಡುವುದು ಸುಲಭವೆಂದು ನಾನು ತಿಳಿದಿದ್ದೆ. ಹಾಗೆ ಮಾಡಿದರೆ ಆಮೇಲೆ ಬರೆದದ್ದು, ತಿದ್ದಿದ್ದು ಎಲ್ಲ ಹೋಗುತ್ತದೆ. ಆದ್ದರಿಂದ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಬೇಕಾದ ಹನ್ನೆರಡು ಮಾಪಕಗಳ ಅಂಕಿಗಳನ್ನಷ್ಟೇ ಎತ್ತಿ ತಂದು ಸೇರಿಸಿದರು. ಅದರಲ್ಲೂ ಒಂದು ಸೂಕ್ಷ್ಮವುಂಟು. ಇಂಥ ದಫ್ತರಗಳು ಬಂದದ್ದನ್ನೆಲ್ಲ ಇಟ್ಟುಕೊಳ್ಳುವುದಿಲ್ಲ. ಕಾವು ಒಂದೇ ಓಟದಲ್ಲಿ ಏರುತ್ತಿದ್ದರೆ ನಡುವಿನ ಅಂಕಿಗಳನ್ನು ಬಿಟ್ಟು ತಿರುವುಗಳನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಒಮ್ಮೆ ಜರಡಿಯಾಡಿದ್ದನ್ನು ಮರಳಿ ಹಾಕುವಾಗ ಮತ್ತೆ ಜರಡಿಗೆ ಬಿದ್ದರೆ ಇನ್ನಷ್ಟು ಉದುರುತ್ತದೆ. ಅದಕ್ಕಾಗಿ ಜರಡಿಯನ್ನು ನಿಲ್ಲಿಸಿ ಬರೆಯಬೇಕಾಯಿತು.

ಉಳಿದದ್ದು ಮಾರ್ಚ್ 28ರಿಂದ ಏಪ್ರಿಲ್ 1, ಐದು ದಿನ. ಕಿಲ್ನಿನ ಆಪರೇಟರುಗಳು ಗಂಟೆಗೊಮ್ಮೆ ಕೈಯಲ್ಲಿ ಬರೆಯುವ ಲಾಗ್ ಪುಸ್ತಕವೊಂದಿತ್ತು. ಆ ಹಾಳೆಗಳ ಚಿತ್ರಗಳನ್ನು, ಮೇಲಿನವರ ಒಪ್ಪಿಗೆ ಪಡೆದು, ಅಳಿಯ ನನಗೆ ಕಳಿಸಿದ. “ಒಬ್ಬರ ಏಳು ಒಂದರ ಹಾಗಿದೆ, ಇನ್ನೊಬ್ಬರ ಸೊನ್ನೆ ಆರರ ಹಾಗಿದೆ. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ್ದೀರಿ, ನೋಡಿ ಮಾವ.” ನೋಡಿದೆ. ನೂರಿಪ್ಪತ್ತು ಗಂಟೆ, ಗಂಟೆಗೆ ಹನ್ನೆರಡು, ಒಟ್ಟು 1440 ಅಂಕಿಗಳು. ರಾತ್ರಿ ಪಾಳಿಯ ಒಬ್ಬಾತನ ಅಕ್ಷರ ಬೆಳಗಿನ ಜಾವ ನಾಲ್ಕಕ್ಕೆ ಬಾಗುತ್ತ ಹೋಗಿ ಐದಕ್ಕೆ ಮತ್ತೆ ನೆಟ್ಟಗಾಗುತ್ತಿತ್ತು. ನಡುವೆ ಚಹಾ ಬರುತ್ತಿತ್ತೆಂದು ಕಾಣುತ್ತದೆ. ಎರಡು ಕಡೆ ಹಾಳೆಯ ಮೇಲೆ ಎಣ್ಣೆ ಚೆಲ್ಲಿ ಏನೂ ಓದಲಾಗಲಿಲ್ಲ.

“ಅಲ್ಲಿ ಹಿಂದುಮುಂದಿನದನ್ನು ನೋಡಿ ತುಂಬಿಸಿಬಿಡಲೇ? ಕಿಲ್ನ್ ದಿನಾ ಹೆಚ್ಚುಕಡಿಮೆ ಒಂದೇ ಥರ ಓಡುತ್ತೆ” ಎಂದು ಅಳಿಯ ಕೇಳಿದ. ಹೂಂ ಎನ್ನುವುದರಲ್ಲಿದ್ದೆ. ರನ್ನನ ಪರಶುರಾಮಚರಿತೆ ನಮಗೆ ದೊರೆತಿಲ್ಲ. ಹಾಗೆಂದು ಗದಾಯುದ್ಧವನ್ನು ಬಲ್ಲವರು ಕೂತು ಅದನ್ನು ಬರೆದು ಕೈಗಿತ್ತರೆ ನಾವು ರನ್ನನದೆಂದು ಪಾಠ ಮಾಡುತ್ತೇವೆಯೇ? ಓಲೆ ಮುರಿದ ಕಡೆ ಸಂಪಾದಕರು ಚುಕ್ಕಿಗಳನ್ನಿಡುತ್ತಾರೆ, ಊಹಿಸಿದ ಪಾಠವನ್ನು ಕಂಸದೊಳಗಿಡುತ್ತಾರೆ. “ಬಿಡು, ಖಾಲಿಯೇ ಇರಲಿ. ಉಳಿದದ್ದರ ಮೇಲೂ ಕೈಬರಹದಿಂದ ಎತ್ತಿದ್ದು ಎಂದು ಗುರುತು ಹಾಕು” ಎಂದೆ. ಹಾಕಿದ.

ಇಟ್ಟಿಗೆಯವರ ಇಂಜಿನಿಯರು ಸಭೆಯಲ್ಲಿ ಮೊದಲು ಬೆರಳಿಟ್ಟದ್ದು ಆ ಐದು ದಿನಗಳ ಮೇಲೆಯೇ. ಅಧಿಕಾರಿ ಲಾಗ್ ಪುಸ್ತಕವನ್ನೇ ತರಿಸಿ ಮುಂದಿಟ್ಟರಂತೆ. ಎರಡು ಕಡೆಯವರೂ ನಷ್ಟವನ್ನು ಹಂಚಿಕೊಂಡರೆಂದು ಕೇಳಿದೆ. ಅಳಿಯನಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅದರ ಭಾಷೆ, ನಿಜ ಹೇಳುವುದಾದರೆ, ನಾನು ಬರೆದಿಟ್ಟಿದ್ದ ರಾಜೀನಾಮೆಗಿಂತ ಚೆನ್ನಾಗಿತ್ತು.

ಈಗ ಅವನು ಅಕ್ಕನಿಗೆ ರೈಲಿನ ಟಿಕೆಟ್ ತೆಗೆಸಿದರೂ ತಿಂಗಳನ್ನು ಅಕ್ಷರದಲ್ಲಿ ಬರೆಯುತ್ತಾನೆ. ಮೇ 3ರ ಆ ಕೆಟ್ಟ ಅಂಕಿಗಳು ಮಾತ್ರ ಬಹಳ ದಿನ ದಫ್ತರದಲ್ಲಿ ಹಾಗೆಯೇ ಇದ್ದವಂತೆ. ಅವನ್ನು ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ.